ಪೀರಿಯಾಡಿಕ್ ಸ್ಟ್ರಕ್ಚರ್‌ಗೆ ‘ಆವರ್ತ’ ಬಿಟ್ಟು ಬೇರೆ ಪದ ಇದ್ಯಾ?

ಎಲ್ಲರಿಗೂ ನಮಸ್ಕಾರ,

ಡಿಪ್ಲೊಮಾ ಹುಡುಗ್ರಿಗೆ ಅಂತ ಆಂಟೆನಾ ಡಿಸೈನ್ ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೀತಿದೀನಿ, ಪೀರಿಯಾಡಿಕ್ ಸ್ಟ್ರಕ್ಚರ್ ಅನ್ನೋ ಕಡೆ ಬಂದು ಎರಡು ದಿನದಿಂದ ಗಾಡಿ ನಿಂತಿದೆ. ವಿಷಯ ಅಂಥಾ ಕಷ್ಟದ್ದೇನಲ್ಲ, ಪಿಸಿಬಿ (ಸರ್ಕ್ಯೂಟ್ ಕೂರಿಸೋ ತೆಳು ಹಲಗೆ) ಮೇಲೆ ತಾಮ್ರದ ಚೌಕಾನೋ ಉಂಗುರಾನೋ ಒಂದೇ ಅಳತೆದು, ಒಂದೇ ಅಂತರದಲ್ಲಿ ಚುಕ್ಕಿ ರಂಗೋಲಿ ಥರ ಇಟ್ಕೊಂಡು ಹೋಗೋದು, ಆ ಹಾಳೆ ಕೆಲವು ಫ್ರೀಕ್ವೆನ್ಸೀನ ಆಚೆ ಬಿಡುತ್ತೆ, ಕೆಲವನ್ನ ಕನ್ನಡಿ ಹಂಗೆ ವಾಪಸ್ ಕಳಿಸುತ್ತೆ.

ತೊಡಕು ಪದದ್ದು. ಆವರ್ತ ಕೋಷ್ಟಕದ ದಾರೀಲಿ ಹೋದ್ರೆ ಪೀರಿಯಾಡಿಕ್ ಅಂದ್ರೆ ಆವರ್ತಕ, ಫ್ರೀಕ್ವೆನ್ಸಿ ಅಂದ್ರೂ ಆವರ್ತನ. ಮೇಲೆ ಹೇಳಿದ ಹಾಳೆಗೆ ಫ್ರೀಕ್ವೆನ್ಸಿ ಸೆಲೆಕ್ಟಿವ್ ಸರ್ಫೇಸ್ ಅಂತಾರೆ, ಅದನ್ನ ವಿವರಿಸೋಕೆ ಹೋಗಿ ‘ಆವರ್ತನ ಆಯುವ ಆವರ್ತಕ ಮೇಲ್ಮೈ’ ಅಂತ ಬರೆದೆ, ಓದ್ಕೊಂಡು ನಂಗೇ ತಲೆ ಸುತ್ತಿತು. ಆವರ್ತ ಅಂದ್ರೆ ನೀರಿನ ಸುಳಿ ಅಂತಾನೂ ಅರ್ಥ ಇದೆ ಬಿಡಿ! ಅದೂ ಅಲ್ದೆ ಆದಿತಾಳದ ಆವರ್ತ ಎಂಟು ಅಕ್ಷರ ಮುಗಿಸಿ ಮತ್ತೆ ಮೊದಲಿಗೆ ಬರುತ್ತಲ್ಲ, ಅದು ಕಾಲದ ಲೆಕ್ಕ, ಇಲ್ಲಿರೋದು ಜಾಗದ ಲೆಕ್ಕ. ಫ್ರೀಕ್ವೆನ್ಸಿಗೆ ಕಂಪನಾಂಕ ಅಂತ ಇಟ್ಕೊಂಡ್ರೆ ಅರ್ಧ ಜಗಳ ಮುಗಿಯುತ್ತೆ, ಉಳಿದರ್ಧ ಹಂಗೇ ಇದೆ.

‘ಪುನರಾವರ್ತಿತ’ ಅಂದ್ರೆ ಮತ್ತೆ ಮತ್ತೆ ಬರೋದು ಅಷ್ಟೇ, ಸಮ ಅಂತರ ಅನ್ನೋದು ಅದ್ರಲ್ಲಿಲ್ಲ, ಇಲ್ಲಿ ಅಂತರಾನೇ ಜೀವ. 10 ಗಿಗಾಹರ್ಟ್ಸ್‌ಗೆ ಅಲೆಯುದ್ದ 3 ಸೆಂ.ಮೀ., ಒಂದು ತಾಮ್ರದ ಚೂರಿಂದ ಇನ್ನೊಂದು ಚೂರಿಗೆ ಅಂತರ ಅದನ್ನ ದಾಟಿದ್ರೆ ನೇರವಾಗಿ ಬಿದ್ದ ಅಲೆ ಕೂಡ ಅಡ್ಡಾದಿಡ್ಡಿ ದಿಕ್ಕಿಗೆ ಚೆಲ್ಲುತ್ತೆ. ‘ಮರುಕಳಿಸುವ’ ಅಂದ್ರೆ ಜ್ವರ ನೆನಪಾಗುತ್ತೆ. ‘ಸಮಾಂತರ’ ಚೆನ್ನಾಗಿತ್ತು, ಆದ್ರೆ ಜಾಮಿಟ್ರಿಯವರು ಅದನ್ನ ಪ್ಯಾರಲಲ್‌ಗೆ ಆಗ್ಲೇ ಎತ್ಕೊಂಡುಬಿಟ್ಟಿದಾರೆ.

ಒಂದು ಮಾತ್ರ ಸಿಕ್ತು ಅನ್ಸುತ್ತೆ. ಲಾಗ್ ಪೀರಿಯಾಡಿಕ್ ಆಂಟೆನಾ ಇದೆಯಲ್ಲ, 1950ರ ದಶಕದ ಕೊನೇಲಿ ಇಲಿನಾಯ್ ಯೂನಿವರ್ಸಿಟೀಲಿ ಡುಹ್ಯಾಮೆಲ್, ಇಸ್ಬೆಲ್ ಮಾಡಿದ್ದು, ನಮ್ಮ ಗೌರಿಬಿದನೂರಲ್ಲಿ ಸೂರ್ಯನ್ನ ನೋಡೋ ರೇಡಿಯೋಹೀಲಿಯೋಗ್ರಾಫ್‌ನಲ್ಲೂ ಇದೇ ಜಾತಿಯವು ಇರೋದು. ಅದ್ರ ಒಂದು ಕಡ್ಡಿ 100 ಸೆಂ.ಮೀ. ಇದ್ರೆ ಮುಂದಿಂದು 90, ಅದರ ಮುಂದಿಂದು 81, ಹಿಂಗೆ ಒಂದೇ ಅನುಪಾತದಲ್ಲಿ ಗಿಡ್ಡ ಆಗ್ತಾ ಹೋಗುತ್ತೆ, ನಡುವಿನ ಅಂತರಾನೂ ಹಂಗೇ. ಇದು ಹೈಸ್ಕೂಲಿನ ಗುಣೋತ್ತರ ಶ್ರೇಢಿ ಅಲ್ದೆ ಇನ್ನೇನು? ‘ಗುಣೋತ್ತರ ಆಂಟೆನಾ’ ಅನ್ನೋಕೆ ಯಾರದ್ದಾದ್ರೂ ತಕರಾರು ಇದ್ಯಾ? ‘ಲಘುಗಣಕೀಯ ಆವರ್ತಕ’ ಅಂತ ಬರೆದ್ರೆ ಹುಡುಗ್ರು ಆ ಪುಟಾನೇ ಹಾರಿಸ್ತಾರೆ.

ಯುನಿಟ್ ಸೆಲ್‌ಗೆ, ಅಂದ್ರೆ ಹಾಳೆ ತುಂಬ ಮತ್ತೆ ಮತ್ತೆ ಬರೋ ಒಂದು ತುಂಡಿಗೆ, ‘ಏಕಮಾನ ಕೋಶ’ ನಂಗೆ ಒಗ್ಗಲ್ಲ, ಕೋಶ ಅಂದ್ರೆ ಬಯಾಲಜಿ. ಚೌಕಾಬಾರಾದಲ್ಲಿ ಹೇಳೋ ಹಂಗೆ ಬರೀ ‘ಮನೆ’ ಅಂದ್ರೆ ಸಾಕು, ಒಂದು ಮನೆ ಲೆಕ್ಕ ಹಾಕಿದ್ರೆ ಇಡೀ ಹಾಳೆ ಲೆಕ್ಕ ಬಂತು.

ಈಗ ಉಳಿದಿದ್ದು ಪೀರಿಯಾಡಿಕ್ ಒಂದೇ. ಇಳಕಲ್ಲು, ಮೊಳಕಾಲ್ಮೂರು ಕಡೆಯ ನೇಕಾರರ ಮನೆಯವರು ಇಲ್ಲಿ ಯಾರಾದ್ರೂ ಇದ್ರೆ ಹೇಳಿ, ಸೀರೆ ಮೈಮೇಲೆ ಒಂದು ಬುಟ್ಟಾಯಿಂದ ಇನ್ನೊಂದು ಬುಟ್ಟಾಗೆ ಇರೋ ಅಂತರಕ್ಕೆ ಮಗ್ಗದ ಮುಂದೆ ಕೂತವರು ಏನಂತಾರೆ?