ದೊಡ್ಡಜ್ಜನ ಜಪಾನ್ ಕವರುಗಳು: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಕುಂಜಿಬೆಟ್ಟು ಚಿಕ್ಕಪ್ಪ: ಹಳೆಮನೆಯ ಹೆಂಚು ತೆಗೆಸುವಾಗ ಅಟ್ಟದಲ್ಲಿ ಸಿಕ್ಕಿದ ತಗಡಿನ ಪೆಟ್ಟಿಗೆಯ ಚಿತ್ರಗಳನ್ನು ಮೇಲೆ ಹಾಕಿದ್ದೇನೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಗುಮಾಸ್ತರಾಗಿ ಜಪಾನಿಗೆ ಹೋಗಿದ್ದ ನಮ್ಮ ದೊಡ್ಡಪ್ಪ ಮನೆಗೆ ಬರೆದ ಕಾಗದಗಳು ಅದರಲ್ಲಿವೆ. ಕೆಲವಕ್ಕೆ ಹುಳ ಹಿಡಿದಿದೆ, ಸ್ಟಾಂಪುಗಳು ಮಾತ್ರ ಚೆನ್ನಾಗಿವೆ. ಅವನ್ನು ನೀರಿನಲ್ಲಿ ನೆನೆಸಿ ಬಿಡಿಸಿ ನಾಲ್ಕೂ ಮನೆಗೆ ಸಮನಾಗಿ ಹಂಚಿದರೆ ಯಾರಿಗೂ ಮನಸ್ತಾಪವಿರುವುದಿಲ್ಲವೆಂದು ನನ್ನ ಅಭಿಪ್ರಾಯ.

ನಾನು: ಚಿಕ್ಕಪ್ಪ, ದಯವಿಟ್ಟು ನೀರು ಮುಟ್ಟಿಸಬೇಡಿ. ಆರನೆಯ ಜಾರ್ಜ್ ದೊರೆಯ ತಲೆಯಿರುವ ಆ ಸ್ಟಾಂಪುಗಳು ಆಗ ದೇಶದ ಎಲ್ಲ ಅಂಚೆ ಕಚೇರಿಗಳಲ್ಲಿ ಸಿಗುತ್ತಿದ್ದವು. ಬಿಡಿಯಾಗಿ ಮಾರಿದರೆ ಒಂದು ಪ್ಲೇಟು ಬನ್ಸಿನ ದುಡ್ಡೂ ಹುಟ್ಟಲಾರದು. ನೀವು ಕಳಿಸಿದ ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ದುಂಡು ಮುದ್ರೆಯ ಅರ್ಧ ಸ್ಟಾಂಪಿನ ಮೇಲಿದೆ, ಇನ್ನರ್ಧ ಕವರಿನ ಕಂದು ಕಾಗದದ ಮೇಲಿದೆ. ಸ್ಟಾಂಪು ಬಿಡಿಸಿದರೆ ಮುದ್ರೆಯೇ ಎರಡು ತುಂಡಾಗುತ್ತದೆ.

ಕುಂಜಿಬೆಟ್ಟು ಚಿಕ್ಕಪ್ಪ: ಆ ಮುದ್ರೆಯಲ್ಲಿ ಊರಿನ ಹೆಸರೇ ಇಲ್ಲವಲ್ಲ! ‘ಎಫ್.ಪಿ.ಓ.’ ಎಂದು ಬರೆದು ಒಂದು ನಂಬರು, ಒಂದು ತಾರೀಕು ಒತ್ತಿದ್ದಾರೆ, ಅಷ್ಟೆ. ನನಗೆ ಪರಿಚಯದ ಸಂಗ್ರಾಹಕರೊಬ್ಬರು ಜಪಾನಿನ ಹೆಸರು ಅಚ್ಚಾದ ಸ್ಟಾಂಪಿಗೆ ಮಾತ್ರ ಬೇಡಿಕೆ ಎಂದರು.

ನಾನು: ಅವರು ಹೇಳಿದ್ದು ಆಸ್ಟ್ರೇಲಿಯಾದ ಸ್ಟಾಂಪುಗಳ ವಿಷಯ. ಹಣದ ವಿನಿಮಯದಲ್ಲಿ ಲಾಭಕೋರತನ ನಡೆಯದಿರಲೆಂದು ಅವುಗಳ ಮೇಲೆ ‘ಬಿ.ಸಿ.ಓ.ಎಫ್. ಜಪಾನ್ 1946’ ಎಂದು ಅಚ್ಚು ಹಾಕಿಸಿದ್ದರು. ಬಿ.ಸಿ.ಓ.ಎಫ್. ಅಂದರೆ ಯುದ್ಧದ ನಂತರ ಜಪಾನಿನಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಕಾಮನ್‌ವೆಲ್ತ್ ಪಡೆ, ಆಸ್ಟ್ರೇಲಿಯಾದವರ ಜೊತೆ ನಮ್ಮವರೂ ಅದರಲ್ಲಿದ್ದರು. 1946ರ ಅಕ್ಟೋಬರಿನಲ್ಲಿ ಹೊರಬಂದ ಅವನ್ನು ಎರಡೇ ದಿನದಲ್ಲಿ ಹಿಂದಕ್ಕೆ ಪಡೆದು, 1947ರ ಮೇ ತಿಂಗಳಿನಲ್ಲಿ ಮತ್ತೆ ಮಾರಾಟಕ್ಕೆ ಇಟ್ಟರು. ದೊಡ್ಡಜ್ಜನ ಕವರುಗಳ ಮೇಲಿರುವುದು ಭಾರತದ ಸ್ಟಾಂಪು ಮತ್ತು ನಮ್ಮ ಸೈನ್ಯದ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಪಡೆಯ ಜೊತೆಗಿರುವ ಅಂಚೆ ಕಚೇರಿಯ (ಎಫ್.ಪಿ.ಓ.) ಮುದ್ರೆ. ಪಡೆ ಎಲ್ಲಿದೆಯೆಂದು ಶತ್ರುವಿಗೆ ತಿಳಿಯಬಾರದೆಂದು ಇಂಥ ಮುದ್ರೆಗಳಲ್ಲಿ ಊರಿನ ಹೆಸರು ಹಾಕದೆ ನಂಬರು ಮಾತ್ರ ಹಾಕುವ ಪದ್ಧತಿ ಯುದ್ಧಕಾಲದಿಂದ ಬಂದದ್ದು. ಪಡೆಯ ಜೊತೆಗೆ ಕಚೇರಿಯೂ ನಂಬರೂ ಸ್ಥಳ ಬದಲಿಸುತ್ತಿದ್ದುದರಿಂದ ಒಂದೇ ನಂಬರು ಒಂದು ವರ್ಷ ಬರ್ಮಾದಲ್ಲಿದ್ದು ಮರುವರ್ಷ ಇನ್ನೆಲ್ಲೋ ಇರಬಹುದು. ಹಾಗಾಗಿ ನಂಬರನ್ನೂ ತಾರೀಕನ್ನೂ ಒಟ್ಟಿಗೆ ಓದಿದರೆ ಮಾತ್ರ ಸ್ಥಳ ತಿಳಿಯುತ್ತದೆ. ನೀವು ಹಾಕಿದ ಕಾಗದದ ಮೊದಲ ಸಾಲಿನಲ್ಲೇ ದೊಡ್ಡಜ್ಜ ಜಪಾನಿನ ಒಕಾಯಾಮ ಊರಿನ ಹೆಸರು ಬರೆದಿದ್ದಾರೆ. ಕವರಿನ ಮುಂದೆ ನಂಬರು, ಹಿಂದೆ ಉಡುಪಿಯ ಅಂಚೆ ಕಚೇರಿಗೆ ತಲುಪಿದ ದಿನದ ಮುದ್ರೆ, ಒಳಗೆ ಊರಿನ ಹೆಸರು: ಈ ಮೂರೂ ಒಂದೆಡೆ ಸಿಗುವುದು ಅಪರೂಪ, ಹಂಚಿದರೆ ಮೂರೂ ದಿಕ್ಕಾಪಾಲಾಗುತ್ತವೆ.

ತಂಗಿ, ಬೆಂಗಳೂರು: ಅಣ್ಣ, ಹಾಗಾದರೆ ಲ್ಯಾಮಿನೇಟ್ ಮಾಡಿಸಿ ಚೌಕಟ್ಟು ಹಾಕಿಸಿ ಹಳೆಮನೆಯ ಚಾವಡಿಯಲ್ಲಿ ತೂಗುಹಾಕಬಹುದಲ್ಲವೇ?

ನಾನು: ಲ್ಯಾಮಿನೇಷನ್ ಮಾಡಿದರೆ ಬಿಸಿಗೆ ಅಂಟಿಕೊಂಡದ್ದು ಮತ್ತೆ ಬಿಡುವುದಿಲ್ಲ. ಬಿಸಿಲು ಬೀಳುವ ಚಾವಡಿಯಲ್ಲಿ ಶಾಯಿಯೂ ಉಳಿಯುವುದಿಲ್ಲ.

ಮಣಿಪಾಲ ಅತ್ತೆ: ಚೌಕಟ್ಟಿನ ಮಾತು ಎತ್ತುವ ಮೊದಲು ನನ್ನದೊಂದು ಆಕ್ಷೇಪವಿದೆ. ನಾವೇ ಬ್ರಿಟಿಷರ ಕೈಕೆಳಗಿದ್ದ ಕಾಲದಲ್ಲಿ, ಸೋತು ಸುಣ್ಣವಾಗಿದ್ದ ಇನ್ನೊಂದು ದೇಶಕ್ಕೆ ಹೋಗಿ ನಮ್ಮವರು ಪಹರೆ ಕಾದದ್ದನ್ನು ಮನೆತನದ ಹೆಮ್ಮೆಯೆಂದು ಗೋಡೆಗೆ ಹಾಕಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅದೂ ಅಲ್ಲದೆ ಆ ಕಾಗದಗಳಲ್ಲಿ ಅಮ್ಮನ ಸರ ಅಡವಿಟ್ಟ ವಿಷಯವಿದೆ, ಯಾರಿಗೆ ಎಷ್ಟು ಸಾಲವಿತ್ತೆಂಬ ಲೆಕ್ಕವಿದೆ. ಅದನ್ನು ಬಂದವರೆಲ್ಲ ಓದಬೇಕೇ?

ಕುಂಜಿಬೆಟ್ಟು ಚಿಕ್ಕಪ್ಪ: ಅಕ್ಕಾ, ನಮ್ಮ ಕೊಡಗಿನ ತಿಮ್ಮಯ್ಯನವರೇ ಅಲ್ಲಿ 268ನೆಯ ಬ್ರಿಗೇಡಿನ ಮುಖ್ಯಸ್ಥರಾಗಿದ್ದರು. ಹೆಮ್ಮೆಪಟ್ಟರೆ ತಪ್ಪೇನು?

ಮಣಿಪಾಲ ಅತ್ತೆ: ತಿಮ್ಮಯ್ಯನವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಯಾರ ಬಾವುಟದ ಕೆಳಗೆ ಹೋದರೆಂಬುದನ್ನು ಮರೆಯಬೇಡ ಎಂದೆ.

ನಾನು: ಅತ್ತೆ ಹೇಳಿದ್ದನ್ನು ಒಪ್ಪುತ್ತೇನೆ, ಅದಕ್ಕಾಗಿಯೇ ಈ ಕವರುಗಳು ಇಡಿಯಾಗಿ ಉಳಿಯಬೇಕೆನ್ನುತ್ತೇನೆ. ದೊರೆಯ ತಲೆಯ ಸ್ಟಾಂಪಿನಿಂದ ಹಿಡಿದು ಕಾಮನ್‌ವೆಲ್ತ್ ಪಡೆಯ ಲೆಕ್ಕದಲ್ಲಿ ಹೋದ ನಮ್ಮ ಸೈನಿಕರವರೆಗೆ, ಯಾರ ಅಧಿಕಾರ ಎಲ್ಲಿಯವರೆಗೆ ಚಾಚಿತ್ತೆಂಬುದು ಆ ಲಕೋಟೆಯ ಮುಖದ ಮೇಲೆಯೇ ಇದೆ. 1947ರಲ್ಲಿ ಭಾರತದ ಪಡೆ ಜಪಾನಿನಿಂದ ಹೊರಟಿತು, ಪೆಟ್ಟಿಗೆಯ ಕಾಗದಗಳೂ ಅಲ್ಲಿಗೆ ನಿಲ್ಲುತ್ತವೆ. ಇದನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಮೊದಲು ದಾಖಲೆ ಕೈಯಲ್ಲಿರಬೇಕು. ಸಾಲದ ವಿಷಯಕ್ಕೆ ಉಪಾಯವಿದೆ: ಕವರಿಗೂ ಅದರ ಕಾಗದಕ್ಕೂ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದೇ ನಂಬರು ಬರೆದು, ಕವರನ್ನು ಮಾತ್ರ ಹೊರಗಿನವರಿಗೆ ತೋರಿಸಿ, ಕಾಗದಗಳನ್ನು ಅತ್ತೆಯ ಕಪಾಟಿನಲ್ಲಿಡೋಣ.

ಮಣಿಪಾಲ ಅತ್ತೆ: ಆಗಬಹುದು. ಆದರೆ ಕಾಗದಗಳ ಚಿತ್ರವನ್ನು ಈ ಗುಂಪಿನಿಂದಾಚೆಗೆ ಯಾರೂ ಕಳಿಸಕೂಡದು.

ಕುಂಜಿಬೆಟ್ಟು ಚಿಕ್ಕಪ್ಪ: ಹುಳದ ಗತಿ ಏನು? ನಮ್ಮ ಮಳೆಗಾಲ ನಿಮಗೆಲ್ಲ ಗೊತ್ತಿದ್ದದ್ದೇ.

ನಾನು: ಗಾಳಿಯಾಡದ ಚೀಲದಲ್ಲಿ ಕಟ್ಟಿ ಕೆಲವು ದಿನ ಡೀಪ್ ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತದೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ತೇವ ಕೂತೀತು. ಆಮೇಲೆ ಪಾಲಿಯೆಸ್ಟರ್ ಲಕೋಟೆಯಲ್ಲಿಡೋಣ. ಪೇಟೆಯಲ್ಲಿ ಸಿಗುವ ಪಿ.ವಿ.ಸಿ. ಆಲ್ಬಮ್ ಬೇಡ, ಅದು ಕಾಲಾಂತರದಲ್ಲಿ ಕಾಗದವನ್ನೇ ಕೆಡಿಸುತ್ತದೆ.

ಕುಂಜಿಬೆಟ್ಟು ಚಿಕ್ಕಪ್ಪ: ಸರಿ, ನೆನೆಸುವುದಿಲ್ಲ. ಆದರೆ ಪೆಟ್ಟಿಗೆಯ ತಳದಲ್ಲಿ ಆಸ್ಟ್ರೇಲಿಯಾದ ಸ್ಟಾಂಪು ಹಚ್ಚಿದ ಒಂದು ಕವರೂ ಇದೆ, ಅದರ ಮೇಲೆ ನೀನು ಹೇಳಿದ ಅಚ್ಚು ಕಾಣುತ್ತದೆ. ಅದನ್ನಾದರೂ ಮಾರಿ ಹೆಂಚಿನ ಖರ್ಚಿಗೆ ಹಾಕಿಕೊಳ್ಳುತ್ತೇನೆ.

ನಾನು: ಆ ಅಚ್ಚಿನ ನಕಲಿಗಳೂ ಓಡಾಡುತ್ತವೆ ಚಿಕ್ಕಪ್ಪ. ಅನುಭವಸ್ಥರಿಗೆ ತೋರಿಸುವ ತನಕ ಯಾರ ಬೆಲೆಗೂ ಹೂಂ ಅನ್ನಬೇಡಿ. ಭಾನುವಾರ ನಾನೇ ಉಡುಪಿಗೆ ಬಂದು ಎರಡೂ ಬದಿಯ ಸ್ಕ್ಯಾನ್ ಮಾಡುತ್ತೇನೆ.

ಕುಂಜಿಬೆಟ್ಟು ಚಿಕ್ಕಪ್ಪ: ಬಾ. ಹೆಂಚಿನವನ ಬಿಲ್ಲನ್ನೂ ಅಂದೇ ತೋರಿಸುತ್ತೇನೆ.