ಅಮ್ಮನ ಬ್ರಿಟನ್ ಪಿಂಚಣಿ ಇಷ್ಟು ಕಡಿಮೆ ಯಾಕೆ?

ಲೆಸ್ಟರ್ ಮಗಳು: ಅಮ್ಮ ಹುಟ್ಟಿದ್ದು 1946, ಅಪ್ಪ 1942. ದಾವಣಗೆರೆಯಿಂದ ಇಲ್ಲಿಗೆ ಬಂದು ಅಮ್ಮ ಕೆಲವು ವರ್ಷ ಕಾರ್ಖಾನೆಯಲ್ಲಿ ಕಾಲುಚೀಲ ಹೊಲಿದರು. "ಗಂಡ ಇದ್ದಾರಲ್ಲ, ಚಿಕ್ಕ ಸ್ಟ್ಯಾಂಪ್ (ಮದುವೆಯಾದ ಹೆಂಗಸರಿಗಿದ್ದ ಕಡಿಮೆ ವಿಮಾ ಕಂತು, ಸ್ವಂತ ಪಿಂಚಣಿಗೆ ಲೆಕ್ಕವಿಲ್ಲ) ಸಾಕು" ಅಂದರಂತೆ, ಸಹಿ ಹಾಕಿದರು. ಆಮೇಲೆ ಮಕ್ಕಳು, ಮನೆ. ಈಗ ಅವರ ಪಿಂಚಣಿ ಅಪ್ಪನದರ ಕಾಲು ಭಾಗವೂ ಇಲ್ಲ. ವಾಸ್ಪಿ ಅನ್ನೋ ಹೆಂಗಸರ ಪಿಂಚಣಿ ಹೋರಾಟದಲ್ಲಿ ಇವರೂ ಸೇರುತ್ತಾರಾ?

ಹಳೇ ಗುಮಾಸ್ತ: ಇಲ್ಲ. ವಾಸ್ಪಿ 1950ರ ದಶಕದಲ್ಲಿ ಹುಟ್ಟಿದವರದ್ದು, ಪಿಂಚಣಿ ವಯಸ್ಸು ಏರಿಸಿದ್ದನ್ನು ಸರಿಯಾಗಿ ತಿಳಿಸಲಿಲ್ಲ ಅನ್ನೋದು ಅವರ ಜಗಳ. ನಿಮ್ಮದು 60%ರ ವಿಷಯ. ಹಳೇ ಪದ್ಧತಿಯಲ್ಲಿ ಹೆಂಡತಿಯ ಸ್ವಂತ ಪಿಂಚಣಿ ತೀರಾ ಕಡಿಮೆಯಿದ್ದರೆ ಗಂಡನ ಮೂಲ ಪಿಂಚಣಿಯ 60%ವರೆಗೆ ಏರಿಸಬೇಕು. ಆದರೆ ಗಂಡನಿಗೆ 65 ತುಂಬಿದ್ದು 2008ರ ಮಾರ್ಚ್ 17ಕ್ಕಿಂತ ಮುಂಚೆ ಆಗಿದ್ದರೆ ಅದು ತಾನಾಗಿ ಬರಲ್ಲ, ಹೆಂಡತಿ ಇನ್ನೊಂದು ಅರ್ಜಿ ಹಾಕಬೇಕಿತ್ತು. ನಿಮ್ಮಪ್ಪನಿಗೆ ತುಂಬಿದ್ದು 2007. ಪಿಂಚಣಿ ಇಲಾಖೆಗೆ ಇವತ್ತೇ ಫೋನ್ ಮಾಡಿ. ಬಾಕಿ ಸಿಗೋದು ಹಿಂದಿನ 12 ತಿಂಗಳದ್ದು ಮಾತ್ರ.

ನೇರನುಡಿ: ಚಿಕ್ಕ ಸ್ಟ್ಯಾಂಪ್ ಕಟ್ಟಿ ಆಗ ಕೈಗೆ ಜಾಸ್ತಿ ಸಂಬಳ ತಗೊಂಡಿದ್ದಾರಲ್ವಾ? ಈಗ ಯಾಕೆ ಗಲಾಟೆ?

ಬರ್ಮಿಂಗ್‌ಹ್ಯಾಮ್ ಭಾವ: ಸ್ಟ್ಯಾಂಪ್ ಮಾತು ಬಿಡಿ, ಈ 60% ಬರೋದು ಗಂಡ ಕಟ್ಟಿದ ಕಂತಿನ ಮೇಲೆ. 2008ರ ಏಪ್ರಿಲ್‌ನಲ್ಲಿ 65 ಆದವನ ಹೆಂಡತಿಗೆ ಅರ್ಜಿಯೇ ಬೇಡ, ಇಲಾಖೆ ಕೊಡೋದು ಮರೆತಿದ್ದರೆ 2021ರಿಂದ ಅವರೇ ಕಡತ ಕೆದಕಿ ಪೂರ್ತಿ ಬಾಕಿ ಕೊಟ್ಟರು. ಅದೇ ಫೆಬ್ರವರಿಯಲ್ಲಿ ಆದವನ ಹೆಂಡತಿಗೆ ಬರೀ 12 ತಿಂಗಳು! ಇದೆಂಥ ನ್ಯಾಯ? ಅಕ್ಕ, ಅರ್ಜಿ ಹಾಕಿ ಸುಮ್ನೆ ಕೂರಬೇಡಿ, ಈ ಎರಡು ತಾರೀಖು ಹಾಕಿ ನಿಮ್ಮ ಎಂಪಿಗೆ ಒಂದು ಪುಟದ ಪತ್ರ ಬರೆಯಿರಿ. ಸಂಸತ್ತಿಗೆ ಆನ್‌ಲೈನ್ ಮನವಿಯೂ ಹಾಕಬಹುದು, 10,000 ಸಹಿ ಬಿದ್ದರೆ ಸರ್ಕಾರ ಉತ್ತರ ಕೊಡುತ್ತೆ, 1 ಲಕ್ಷ ಆದರೆ ಚರ್ಚೆಗೆ ಪರಿಗಣಿಸುತ್ತಾರೆ.

ಮೈಸೂರು ಸೊಸೆ: ಊರಿಗೆ ವಾಪಸ್ ಹೋಗೋ ಯೋಚನೆ ಇದ್ದರೆ ಇದನ್ನು ಮೊದಲು ಮುಗಿಸಿ. ಭಾರತದಲ್ಲಿ ನೆಲೆಸಿದರೆ ವರ್ಷ ವರ್ಷದ ಏರಿಕೆ ಸಿಗಲ್ಲ. ನಮ್ಮತ್ತೆ 2009ರಲ್ಲಿ ಹೋದವರು, ಇವತ್ತಿಗೂ ಅದೇ ದರ.

ಲೆಸ್ಟರ್ ಮಗಳು: ಫೋನ್ ಮಾಡಿದೆ, ಅರ್ಜಿ ತಗೊಂಡರು. ಮದುವೆ ಸರ್ಟಿಫಿಕೇಟ್ ಕೇಳ್ತಿದ್ದಾರೆ. ಹಳ್ಳಿ ಮನೆ ಚಪ್ಪರದಲ್ಲಿ ಆದ ಮದುವೆ, ಇರೋದು ಲಗ್ನಪತ್ರಿಕೆ ಒಂದೇ!

ಹಳೇ ಗುಮಾಸ್ತ: ಅಮ್ಮನ ಹಳೇ ಪಾಸ್‌ಪೋರ್ಟ್ ಹುಡುಕಿ, ಅದರಲ್ಲಿ ಗಂಡನ ಹೆಸರು ಇರುತ್ತೆ. ಲಗ್ನಪತ್ರಿಕೆ ಜೊತೆ ಅದನ್ನೂ ತೋರಿಸಿ. ಒಪ್ಪದಿದ್ದರೆ ಯಾಕೆ ಅಂತ ಬರವಣಿಗೆಯಲ್ಲೇ ಕೇಳಿ, ಎಂಪಿ ಪತ್ರಕ್ಕೆ ಬೇಕಾಗುತ್ತೆ.