‘ಮೊಬೈಲಲ್ಲೇ ಬಂದಿದೆ ಮಿಸ್’ ಅನ್ನೋ ಮಗುವಿಗೆ ಏನು ಹೇಳೋದು?

ಯುಕೆಜಿ ಮಿಸ್, ಶ್ರೀನಿವಾಸಪುರ:
ಸಣ್ಣ ಶಾಲೆ ನಮ್ಮದು, ನನ್ನ ಕ್ಲಾಸಲ್ಲಿ 23 ಮಕ್ಕಳು. ಮೊನ್ನೆ ಊಟದ ಹೊತ್ತಿಗೆ ಒಬ್ಬ ಹುಡುಗ ಡಬ್ಬಿ ಮುಚ್ಚಿಕೊಂಡು ಕೂತುಬಿಟ್ಟ. ಯಾಕೋ ಅಂದರೆ, ‘ರೇಷನ್ ಅಕ್ಕಿ ಪ್ಲಾಸ್ಟಿಕ್ಕು ಮಿಸ್, ನೀರಿಗೆ ಹಾಕಿದ್ರೆ ತೇಲುತ್ತೆ, ಮೊಬೈಲಲ್ಲೇ ಬಂದಿದೆ’ ಅಂದ. ಪಕ್ಕದವಳೂ ಡಬ್ಬಿ ಮುಚ್ಚಿದಳು. ಐದು ನಿಮಿಷದಲ್ಲಿ ಅರ್ಧ ಕ್ಲಾಸು ಉಪವಾಸ! ‘ಎಲ್ಲಾ ಸುಳ್ಳು, ಸುಮ್ನೆ ತಿನ್ನಿ’ ಅಂತ ಗದರಿದೆ. ತಿಂದರು. ಆದರೆ ನನ್ನ ಮಾತು ನಂಬಿ ತಿನ್ನಲಿಲ್ಲ, ಹೆದರಿ ತಿಂದರು. ಅದೇ ಮನಸ್ಸಿಗೆ ಚುಚ್ಚುತ್ತಿದೆ. ಇನ್ನೂ ಅಕ್ಷರ ಕೂಡಿಸಿ ಓದಲು ಬಾರದವರಿಗೆ ಇದನ್ನೆಲ್ಲ ಹೇಗೆ ಹೇಳುತ್ತೀರಿ?

ಅಂಗನವಾಡಿ ಅಕ್ಕ, ಮುಳಬಾಗಿಲು:
ನಮ್ಮಲ್ಲೂ ಇದೇ ಗಲಾಟೆ ಆಗಿತ್ತು. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಕಲಸಿ, ಶಾವಿಗೆ ಒತ್ತಿದ ಹಾಗೆ ಮಿಷಿನ್ನಲ್ಲಿ ಒತ್ತಿ ಅಕ್ಕಿ ಆಕಾರ ಮಾಡಿರುತ್ತಾರೆ. ಸುಮಾರು 100 ಕಾಳಿಗೆ ಅಂಥದ್ದು ಒಂದು. ಬಣ್ಣ ಸ್ವಲ್ಪ ಬೇರೆ, ಕೆಲವು ತೇಲುವುದೂ ನಿಜ.

ಇದನ್ನೆಲ್ಲ ಮಕ್ಕಳಿಗೆ ಹೇಳಲು ಹೋಗಲಿಲ್ಲ. ಮೊರದಲ್ಲಿ ಅಕ್ಕಿ ಹರಡಿ ‘ಬೇರೆ ಥರ ಇರೋ ಕಾಳು ಹುಡುಕಿ’ ಅಂದೆ. ಆಮೇಲೆ ಒಂದು ಬಟ್ಟಲು ನೀರಿಗೆ ಆ ಕಾಳು ಹಾಕಿದೆವು, ಜೊತೆಗೆ ನನ್ನ ಹಳೇ ಸ್ವೆಟರಿನ ದೊಡ್ಡ ಪ್ಲಾಸ್ಟಿಕ್ ಗುಂಡಿ. ಕಾಳು ತೇಲಿತು, ಗುಂಡಿ ತಳಕ್ಕೆ ಹೋಯಿತು. ಮಕ್ಕಳ ಮುಖ ನೋಡಬೇಕಿತ್ತು. ಎರಡನ್ನೂ ಬೇಯಿಸಿ ತಟ್ಟೆಗೆ ಹಾಕಿ, ಆರಿದ ಮೇಲೆ ಹಿಸುಕಲು ಕೊಟ್ಟೆ. ಕಾಳು ಮುದ್ದೆಯಾಯಿತು, ಗುಂಡಿ ಗುಂಡಿಯಾಗೇ ಇತ್ತು. ‘ಕಾಳು ಯಾಕೆ ತೇಲಿತು’ ಅಂತ ಒಬ್ಬಳು ಕೇಳಿದಳು. ನನಗೂ ಗೊತ್ತಿಲ್ಲ ಕಣೇ, ಕೇಳ್ಕೊಂಡು ಬರ್ತೀನಿ ಅಂದೆ.

ಟೊಮೆಟೊ ರೈತ, ಕೋಲಾರ:
ಇಷ್ಟೆಲ್ಲ ಯಾಕೆ ಮೇಡಂ, ಮೊಬೈಲ್ ಕೊಡದೇ ಇದ್ದರೆ ಆಯಿತಲ್ವಾ? 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಮ್ಮಿಯಾದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ಹೀಗೆ ಬರೆಯುತ್ತೇನೆ, ಆದರೆ ಮಂಡಿಗೆ ಹೋಗಿ ಬಂದು ನಿದ್ದೆ ಬೇಕಾದಾಗ ಮಗಳ ಕೈಗೆ ಫೋನ್ ಕೊಡುವವನೂ ನಾನೇ. ಆ ಅಕ್ಕಿ ವಿಡಿಯೊ ನಾನೂ ಮೂರು ಗ್ರೂಪಿಗೆ ಕಳಿಸಿದ್ದೆ, ಬೈಬೇಡಿ.

ನಿವೃತ್ತ ಮೇಷ್ಟ್ರು, ಚಿಂತಾಮಣಿ:
ಬೈಯುವುದಿಲ್ಲ ಬಿಡಿ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ನೆನಪಿದೆಯಾ? ಅದು ಕರಾಚಿಯಲ್ಲಿ ಜಾಗೃತಿಗೆ ಅಂತ ಮಾಡಿದ್ದ ಜಾಹೀರಾತು. ಬೈಕಿನವರು ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಬಿಟ್ಟರು. ಅಂಥ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸಕ್ಕೆ ಅಂತ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದರು. ಹೊಡೆದವರಲ್ಲಿ ದೊಡ್ಡವರೂ ಇದ್ದರು.

ಮಕ್ಕಳಿಗೆ ಆ ಕಥೆ ಬೇಡ. ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ರೂಪಾಯಿ ಅಗಲದ ತೂತು ಮಾಡಿ. ಹಲಸಿನ ಹಣ್ಣಿನ ಮೇಲಿಟ್ಟು ಏನಿದು ಅಂತ ಕೇಳಿ. ಒಬ್ಬ ಮೊಸಳೆ ಅಂತಾನೆ, ಇನ್ನೊಬ್ಬ ಮುಳ್ಳುಹಂದಿ ಅಂತಾನೆ. ಆಮೇಲೆ ರಟ್ಟು ತೆಗೆಯಿರಿ. ಎರಡು ದಿನ ಆಡಿದರೆ ಸಾಕು, ಟಿವಿ ಮುಂದೆ ಕೂತರೂ ‘ಆ ಪಕ್ಕದಲ್ಲಿ ಏನಿದೆ?’ ಅಂತ ಪೀಡಿಸುತ್ತವೆ.

ಯುಕೆಜಿ ಮಿಸ್, ಶ್ರೀನಿವಾಸಪುರ:
ಅಕ್ಕಿ, ಗುಂಡಿ ಎರಡೂ ಇವತ್ತು ಮಾಡಿದೆ. ಡಬ್ಬಿ ಮುಚ್ಚಿದ್ದ ಹುಡುಗನೇ ಕೇಳಿದ, ‘ವಿಡಿಯೊ ಮಾಡಿದವರು ಗುಂಡಿ ಹಾಕಿ ನೋಡ್ಲಿಲ್ವಾ ಮಿಸ್?’ ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಅವರಮ್ಮನ ಫೋನ್. ಅವನ ತಾತನ ಅಂಗಿಯ ಗುಂಡಿ ಎಲ್ಲಾ ಕಿತ್ತು ಬಿಂದಿಗೆಗೆ ಹಾಕಿದ್ದಾನಂತೆ.